ಕಣ್ಣೀರು ಬತ್ತಿದವರ ಕಥೆ: ಶೋಗ್ರೆನ್ ರೋಗದ ಇತಿಹಾಸ

ಹುಣಿಸೆಕಾಯಿಯ ಹೆಸರೆತ್ತಿದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಈರುಳ್ಳಿ ಹೆಚ್ಚಲು ಕೂತರೆ ಕಣ್ಣಲ್ಲಿ ನೀರು ತುಂಬುತ್ತದೆ. ತವರಿನ ಸುದ್ದಿ ಬಂದಾಗ ಕಣ್ಣು ತೇವವಾಗುವುದು, ಮೇಲಧಿಕಾರಿಯ ಎದುರು ನಿಂತಾಗ ಬಾಯಿ ಒಣಗುವುದು ಪರಊರಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆಲ್ಲ ಗೊತ್ತಿರುವ ಸಂಗತಿಗಳೇ. ಕಣ್ಣೀರನ್ನೂ ಜೊಲ್ಲನ್ನೂ ನಾವು ಮನಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೇವೆಯೇ ಹೊರತು ದೇಹದ ಲೆಕ್ಕಕ್ಕಲ್ಲ. ಅದಕ್ಕೇ ಇರಬೇಕು, ನಡುವಯಸ್ಸಿನ ಹೆಂಗಸೊಬ್ಬರು "ಅಳು ಬಂದರೂ ಕಣ್ಣೀರು ಬರುವುದಿಲ್ಲ, ನೀರು ಕುಡಿಯದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ" ಎಂದು ಹೇಳಿಕೊಂಡರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ. ವೈದ್ಯರೂ ಬಹುಕಾಲ ಹಾಗೆಯೇ ಸುಮ್ಮನಾಗಿದ್ದರು.

ಈ ಎರಡು ದೂರುಗಳ ಹಿಂದೆ ಕೆಲವೊಮ್ಮೆ ಒಂದೇ ರೋಗ ಇರುತ್ತದೆ. ಅದಕ್ಕೆ ಶೋಗ್ರೆನ್ ರೋಗವೆಂದು ಹೆಸರು. ಸ್ವೀಡನ್ ದೇಶದ ನೇತ್ರವೈದ್ಯರೊಬ್ಬರ ಮನೆತನದ ಹೆಸರು ಅದು. ಅಲ್ಲಿಯವರು ಅದನ್ನು ಬರೆಯುವುದು 'ಎಸ್' ಮತ್ತು 'ಜೆ' ಅಕ್ಷರಗಳನ್ನು ಜೋಡಿಸಿ, ಉಚ್ಚರಿಸುವುದು ಮಾತ್ರ ನಮ್ಮ ಶಕಾರದಂತೆ. ಆಸ್ಪತ್ರೆಯ ಕಾಗದದಲ್ಲಿ ಮೊದಲ ಬಾರಿಗೆ ಅದನ್ನು ನೋಡಿದವರು ಜೋಗ್ರೆನ್ ಎಂದೋ ಸೋಗ್ರೆನ್ ಎಂದೋ ಓದಿಕೊಳ್ಳುವುದುಂಟು. ಹೆಸರು ಹೇಗೇ ಇರಲಿ, ಈ ರೋಗದ ಚರಿತ್ರೆ ಮಾತ್ರ ಸ್ವಾರಸ್ಯವಾದದ್ದು. ಕಣ್ಣಿಗೆ ಕಾಣುವಂತೆಯೇ ಇದ್ದ ರೋಗವೊಂದು ನೂರಾರು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆಂಬುದನ್ನು ಅದು ತಿಳಿಸುತ್ತದೆ.

ಮೊದಲು ಆರೋಗ್ಯವಂತರ ಮಾತು. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಒಸರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇದಕ್ಕೆಂದು ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ತುಟಿಯ ಒಳಭಾಗದಲ್ಲಿ, ಕೆನ್ನೆಯಲ್ಲಿ, ಅಂಗುಳಲ್ಲಿ ಸಾಸಿವೆಯಷ್ಟು ಸಣ್ಣ ಗ್ರಂಥಿಗಳು ನೂರಾರಿವೆ. ಜೊಲ್ಲೆಂದರೆ ಬರಿಯ ನೀರಲ್ಲ. ಅದು ಅನ್ನವನ್ನು ನುಣ್ಣಗಾಗಿಸಿ ಗಂಟಲಿಗೆ ಇಳಿಸುತ್ತದೆ, ಹುಳಿಯನ್ನು ತಗ್ಗಿಸುತ್ತದೆ, ಹಲ್ಲಿಗೆ ಕಾವಲಾಗಿ ನಿಲ್ಲುತ್ತದೆ. ಹಾಗೆಯೇ ಕಣ್ಣೀರು ಅಳುವಾಗ ಮಾತ್ರ ಬರುವುದೆಂದು ತಿಳಿಯಬಾರದು. ರೆಪ್ಪೆ ಬಡಿದಾಗಲೆಲ್ಲ ಕಣ್ಣಿನ ಮೇಲೆ ತೆಳುವಾದ ಪಸೆಯೊಂದು ಹರಡಿಕೊಳ್ಳುತ್ತಿರುತ್ತದೆ. ಆ ಪಸೆ ಇಲ್ಲವಾದರೆ ಕಣ್ಣೊಳಗೆ ಮರಳು ಬಿದ್ದಂತೆ ಚುಚ್ಚುತ್ತದೆ, ಬೆಳಕು ನೋಡಲಾಗುವುದಿಲ್ಲ, ಬೆಳಿಗ್ಗೆ ಎದ್ದಾಗ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡಂತಿರುತ್ತದೆ.

ಯೂರೋಪಿನ ವೈದ್ಯರು ಈ ರೋಗವನ್ನು ಮೊದಮೊದಲು ಕಂಡದ್ದು ತುಣುಕು ತುಣುಕಾಗಿ. 1882ರಲ್ಲಿ ಜರ್ಮನಿಯ ಹೆಸರಾಂತ ನೇತ್ರವೈದ್ಯ ಟೆಯೊಡೋರ್ ಲೇಬರ್, ಕೆಲವು ರೋಗಿಗಳ ಕಾರ್ನಿಯದ ಮೇಲೆ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ, ನೂಲೆಳೆಗಳಂತೆ ಅಂಟಿಕೊಂಡ ಲೋಳೆಯನ್ನು ಕಂಡು ವರ್ಣಿಸಿದ. ಅವರ ಬಾಯಿ ಹೇಗಿದೆಯೆಂದು ಕೇಳುವ ಪ್ರಮೇಯ ಅವನಿಗೆ ಬರಲಿಲ್ಲ. ಕಣ್ಣಿನ ಡಾಕ್ಟರರು ಬಾಯನ್ನು ಯಾಕೆ ನೋಡಬೇಕು?

1888ರ ಸುಮಾರಿಗೆ ಲಂಡನ್ನಿನಲ್ಲಿ ಬಾಯಿಯ ಸರದಿ. ಜೊನಾಥನ್ ಹಚಿನ್ಸನ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ಬಾಯೊಣಗುವ ರೋಗಿಗಳ ಬಗ್ಗೆ ಬರೆದ. ಅದೇ ಕಾಲಕ್ಕೆ ಹ್ಯಾಡನ್ ಎಂಬ ವೈದ್ಯ 65 ವರ್ಷದ ಒಬ್ಬ ಮುದುಕಿಯ ವೃತ್ತಾಂತವನ್ನು ವೈದ್ಯರ ಸಭೆಯ ಮುಂದಿಟ್ಟ. ಆಕೆಗೆ ಗುಟುಕು ಗುಟುಕಾಗಿ ನೀರು ಕುಡಿಯದಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ನಾಲಗೆ ಕೆಂಪಾಗಿ ಬಿರುಕು ಬಿಟ್ಟು, ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗಿತ್ತು. ಕಣ್ಣೀರೂ ಬತ್ತಿತ್ತೆಂಬುದನ್ನು ಹ್ಯಾಡನ್ ಗಮನಿಸಿದ್ದ, ಇದು ಅವನ ಹೆಚ್ಚುಗಾರಿಕೆ. ಅವನು ಕೊಟ್ಟ ಮದ್ದು ಇನ್ನೂ ಸ್ವಾರಸ್ಯದ್ದು. ಬ್ರೆಜಿಲ್ ದೇಶದಲ್ಲಿ ಬೆಳೆಯುವ ಜಬೊರಾಂಡಿ ಎಂಬ ಗಿಡದ ಎಲೆಯನ್ನು ಜಗಿದರೆ ಬಾಯಿತುಂಬ ಜೊಲ್ಲು ಸುರಿಯುತ್ತದೆಂದು ಅಲ್ಲಿಯ ಮೂಲನಿವಾಸಿಗಳು ಬಹುಕಾಲದಿಂದ ಬಲ್ಲರು. ಆ ಹೆಸರಿನ ಅರ್ಥವೇ ಜೊಲ್ಲು ಸುರಿಸುವುದು ಎಂದು ಹೇಳುತ್ತಾರೆ. 1870ರ ದಶಕದಲ್ಲಿ ಆ ಎಲೆ ಪ್ಯಾರಿಸ್ಸಿಗೆ ಬಂತು. 1875ರಲ್ಲಿ ಅದರ ಸಾರವಾದ ಪೈಲೊಕಾರ್ಪಿನ್ನನ್ನು ಬೇರ್ಪಡಿಸಿದರು. ಹ್ಯಾಡನ್ ಕೊಟ್ಟ ಜಬೊರಾಂಡಿಯ ಕಷಾಯದಿಂದ ಆ ಮುದುಕಿಗೆ ಗುಣ ಕಂಡಿತು. (ನಮ್ಮ ಹೋಮಿಯೋಪಥಿ ಅಂಗಡಿಗಳಲ್ಲಿ ಕೂದಲೆಣ್ಣೆಯ ಸೀಸೆಯ ಮೇಲೆ ಜಬೊರಾಂಡಿಯ ಹೆಸರನ್ನು ನೋಡಿದ ಓದುಗರು ಇದ್ದಾರು. ಗಿಡ ಅದೇ, ಉಪಯೋಗ ಬೇರೆ.)

ಅದೇ 1888ರಲ್ಲಿ, ಈಗ ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನಿಸಿಕೊಂಡಿರುವ ಅಂದಿನ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಯೋಹಾನ್ ಮಿಕುಲಿಚ್ ಎಂಬ ಶಸ್ತ್ರವೈದ್ಯ 42 ವರ್ಷದ ರೈತನೊಬ್ಬನ ವಿಷಯ ಹೇಳಿದ. ಆ ರೈತನ ಕಣ್ಣೀರಿನ ಗ್ರಂಥಿಗಳೂ ಜೊಲ್ಲಿನ ಗ್ರಂಥಿಗಳೂ ಮಂಗನಬಾವು ಬಂದವರ ಹಾಗೆ ಎರಡೂ ಕಡೆ ಊದಿದ್ದವು, ಆದರೆ ನೋವಿರಲಿಲ್ಲ. ಗಂಟುಗಳನ್ನು ಕೊಯ್ದು ನೋಡಿದಾಗ ಒಳಗೆಲ್ಲ ಸಣ್ಣ ದುಂಡು ಕಣಗಳು ಕಿಕ್ಕಿರಿದಿದ್ದವು. ಮುಂದೆ ಎಷ್ಟೋ ವರ್ಷ ಇಂಥ ಊತಕ್ಕೆಲ್ಲ ಮಿಕುಲಿಚ್ ರೋಗವೆಂದೇ ಹೆಸರಾಯಿತು. 1925ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಆನ್ರಿ ಗೂಜ್ರೊ, ಕಣ್ಣು ಬಾಯಿಗಳೆರಡೂ ಒಣಗಿದ ಮೂವರು ರೋಗಿಗಳನ್ನು ಕಂಡು, ಇದು ಬರಿಯ ಕಣ್ಣಿನ ಅಥವಾ ಬಾಯಿಯ ರೋಗವಲ್ಲ, ಇಡೀ ದೇಹದ್ದು ಎಂದು ಸಂಶಯಪಟ್ಟ. ಫ್ರೆಂಚರು ಇಂದಿಗೂ ಈ ರೋಗವನ್ನು ಗೂಜ್ರೊ-ಶೋಗ್ರೆನ್ ಎಂದು ಜೋಡಿ ಹೆಸರಿನಿಂದ ಕರೆಯುವುದುಂಟು. ಸ್ವದೇಶಾಭಿಮಾನ ಎಂದು ಯಾರೂ ನಗಬೇಕಾಗಿಲ್ಲ, ನ್ಯಾಯವಾಗಿ ಅವನಿಗೆ ಅಷ್ಟು ಪಾಲು ಸಲ್ಲಬೇಕು.

ಹೀಗೆ ಕುರುಡರು ಆನೆಯನ್ನು ಮುಟ್ಟಿದಂತಿದ್ದಾಗ, ಬಾಲ, ಸೊಂಡಿಲು, ಕಾಲು ಎಲ್ಲ ಒಂದೇ ಪ್ರಾಣಿಯವೆಂದು ತೋರಿಸಿದವರು ಹೆನ್ರಿಕ್ ಶೋಗ್ರೆನ್. ಅವರು ಹುಟ್ಟಿದ್ದು 1899ರ ಜುಲೈ 23ರಂದು, ಸ್ಟಾಕ್‌ಹೋಮಿಗೆ ಪಶ್ಚಿಮದಲ್ಲಿರುವ ಷೋಪಿಂಗ್ ಎಂಬ ಸಣ್ಣ ಪಟ್ಟಣದಲ್ಲಿ. ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾ ಸಂಸ್ಥೆಯಲ್ಲಿ ವೈದ್ಯ ಕಲಿತು 1927ರಲ್ಲಿ ವೃತ್ತಿಯ ಪರವಾನಗಿ ಪಡೆದು ಕಣ್ಣಿನ ವೈದ್ಯರಾದರು. 1930ರ ಆಸುಪಾಸಿನಲ್ಲಿ ಅವರ ಬಳಿಗೆ ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಕಣ್ಣು ಒಣಗಿ ಉರಿಯುತ್ತಿತ್ತು. ಬಾಯಿ ಒಣಗಿತ್ತು. ಕೀಲುಗಳಲ್ಲಿ ನೋವಿತ್ತು. ಬೇರೆ ಯಾರಾದರೂ ಆಗಿದ್ದರೆ ಕಣ್ಣಿಗೆ ಹನಿ ಬರೆದುಕೊಟ್ಟು, ಬಾಯಿಗೆ ಹಲ್ಲಿನ ವೈದ್ಯರನ್ನೂ ಕೀಲಿಗೆ ಇನ್ನೊಬ್ಬರನ್ನೂ ಕಾಣಮ್ಮಾ ಎಂದು ಕಳುಹಿಸಿಬಿಡುತ್ತಿದ್ದರೇನೋ. ಶೋಗ್ರೆನ್ನರಿಗೆ ಮಾತ್ರ ಮೂರೂ ಒಬ್ಬಳಲ್ಲೇ ಯಾಕೆ ಸೇರಿದವು ಎಂಬ ಪ್ರಶ್ನೆ ಹತ್ತಿಕೊಂಡಿತು. ಅಂಥವರೇ ಇನ್ನೂ ಕೆಲವರು ಸಿಕ್ಕಿದರು. ಅವರು ಹುಡುಕುತ್ತಾ ಹೋದರು.

ಕಣ್ಣು ಎಷ್ಟು ಒಣಗಿದೆಯೆಂದು ಅಳೆಯಲು ಆಗಲೇ ಒಂದು ಉಪಾಯವಿತ್ತು. 1903ರಲ್ಲಿ ಜರ್ಮನಿಯ ಓಟೊ ಶಿರ್ಮರ್ ಕಂಡುಹಿಡಿದದ್ದು. ಫಿಲ್ಟರ್ ಕಾಗದದ ಸಣ್ಣ ಪಟ್ಟಿಯನ್ನು ಮಡಿಸಿ ಕೆಳರೆಪ್ಪೆಗೆ ಸಿಕ್ಕಿಸುವುದು, ಐದು ನಿಮಿಷ ಬಿಟ್ಟು ಎಷ್ಟು ನೆನೆದಿದೆಯೆಂದು ಅಳೆಯುವುದು, ಅಷ್ಟೇ. ಈಗಲೂ ಐದು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ನೆನೆದರೆ ಕಣ್ಣೀರು ಸಾಲದೆಂದು ತಿಳಿಯುತ್ತಾರೆ. ನೂರು ವರ್ಷ ದಾಟಿದ ಮೇಲೂ ಕಾಗದದ ಚೂರೊಂದು ಕೆಲಸಕ್ಕೆ ಬರುತ್ತಿರುವುದು ಯಂತ್ರಗಳ ಈ ಕಾಲದಲ್ಲಿ ನಮಗೆ ಸಂತೋಷ ಕೊಡುವ ಸಂಗತಿ. ಇದರ ಜೊತೆಗೆ ಶೋಗ್ರೆನ್ನರು ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಕಣ್ಣಿಗೆ ಹಾಕಿ ನೋಡುತ್ತಿದ್ದರು. ಹೆಸರಿನಲ್ಲಿ ಬಂಗಾಳವಿದ್ದರೂ ಇದು ಯೂರೋಪಿನಲ್ಲಿ ತಯಾರಾದ ರಾಸಾಯನಿಕ ಬಣ್ಣ. ಒಣಗಿ ಕೆಟ್ಟ ಜಾಗಗಳಿಗೆಲ್ಲ ಅದು ಹತ್ತಿಕೊಂಡು ಕೆಂಪು ಚುಕ್ಕೆಗಳಾಗಿ ಕಾಣುತ್ತದೆ. ಕಣ್ಣು ಉರಿಯುತ್ತದೆಂದು ರೋಗಿ ಹೇಳುವುದನ್ನು ನಂಬದವರಿಗೂ ಆ ಕೆಂಪು ಚುಕ್ಕೆಗಳು ಸಾಕ್ಷಿ ಹೇಳಿದವು.

1933ರಲ್ಲಿ ಅವರು ತಮ್ಮ ಮಹಾಪ್ರಬಂಧವನ್ನು ಜರ್ಮನ್ ಭಾಷೆಯಲ್ಲಿ ಬರೆದು ಒಪ್ಪಿಸಿದರು. ಆ ದಿನಗಳಲ್ಲಿ ಯೂರೋಪಿನ ವೈದ್ಯವಿದ್ಯೆಗೆ ಜರ್ಮನ್ನೇ ದೊಡ್ಡ ಭಾಷೆ, ಸ್ವೀಡಿಷ್ ಭಾಷೆಯಲ್ಲಿ ಬರೆದರೆ ಊರಾಚೆ ಓದುವವರಿರಲಿಲ್ಲ. ಪ್ರಬಂಧದಲ್ಲಿ 19 ರೋಗಿಗಳ ವಿವರವಿತ್ತು. ಹತ್ತೊಂಬತ್ತೂ ಹೆಂಗಸರೇ. ಅವರಲ್ಲಿ 13 ಮಂದಿಗೆ ದೀರ್ಘಕಾಲದ ಕೀಲುವಾತ. ಕಣ್ಣಿನ ಈ ಒಣಗುವಿಕೆಗೆ ಕೆರಾಟೊಕಂಜಂಕ್ಟಿವೈಟಿಸ್ ಸಿಕ್ಕ ಎಂದು ಶೋಗ್ರೆನ್ನರು ಇಟ್ಟ ಹೆಸರು ವೈದ್ಯರ ಬಾಯಲ್ಲಿ ಇನ್ನೂ ಉಳಿದಿದೆ. 'ಸಿಕ್ಕ' ಎಂದರೆ ಲ್ಯಾಟಿನ್ನಿನಲ್ಲಿ ಒಣ. ವಿಟಮಿನ್ ಎ ಕೊರತೆಯಿಂದ ಮಕ್ಕಳ ಕಣ್ಣು ಒಣಗುವುದೇ ಬೇರೆ, ಇದೇ ಬೇರೆ ಎಂದು ತೋರಿಸುವುದೂ ಆ ಹೊಸ ಹೆಸರಿನ ಉದ್ದೇಶಗಳಲ್ಲೊಂದು.

ಪ್ರಬಂಧವನ್ನು ಪರೀಕ್ಷಿಸಿದ ಪಂಡಿತರಿಗೆ ಅದು ಹಿಡಿಸಲಿಲ್ಲ. ಆ ದೇಶದ ಪದ್ಧತಿಯಂತೆ, ಪ್ರಬಂಧಕ್ಕೆ ಒಳ್ಳೆಯ ದರ್ಜೆ ಬಂದರೆ ಮಾತ್ರ ಡೋಸೆಂಟ್ ಎಂಬ ಅಧ್ಯಾಪಕ ಪದವಿಗೆ ದಾರಿ. ಶೋಗ್ರೆನ್ನರಿಗೆ ಆ ದರ್ಜೆ ಸಿಗಲಿಲ್ಲ. ಡಾಕ್ಟರೇಟ್ ಬಂತು, ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿಕೊಂಡಿತು. ಮುಂದೆ ಜಗತ್ತಿನ ವೈದ್ಯರೆಲ್ಲ ಉಚ್ಚರಿಸಬೇಕಾಗಿದ್ದ ಹೆಸರಿಗೆ ಸ್ವಂತ ಊರಿನಲ್ಲಿ ಬಂದ ಅಂಕ ಅಷ್ಟು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸ್ವೀಡನ್ನಿನಲ್ಲೂ ನಡೆಯುತ್ತದೆ ಎಂದಾಯಿತು.

1930ರ ದಶಕದ ಕೊನೆಗೆ ಅವರು ಯೋನ್‌ಷೋಪಿಂಗ್ ಎಂಬ ಊರಿನ ಆಸ್ಪತ್ರೆಗೆ ಕಣ್ಣಿನ ವಿಭಾಗದ ಮುಖ್ಯಸ್ಥರಾಗಿ ಹೋದರು. ಈ ಊರಿನ ಹೆಸರು ನಮ್ಮಲ್ಲಿ ಯಾರಿಗೂ ತಿಳಿದಿರಲಾರದು, ಆದರೆ ಅಲ್ಲಿಯ ಸರಕು ನಮ್ಮ ಅಜ್ಜಿಯರ ಒಲೆಯವರೆಗೂ ಬಂದಿತ್ತು. ಸೇಫ್ಟಿ ಬೆಂಕಿಕಡ್ಡಿಗೆ ಲೋಕಪ್ರಸಿದ್ಧವಾದ ಊರು ಅದು. ಅಲ್ಲಿಯ ಉದ್ಯಮದಿಂದ ಬೆಳೆದ ಸ್ವೀಡಿಷ್ ಮ್ಯಾಚ್ ಕಂಪೆನಿಯೇ 1923ರಲ್ಲಿ ನಮ್ಮ ದೇಶದಲ್ಲಿ ವಿಮ್ಕೋವನ್ನು ಸ್ಥಾಪಿಸಿದ್ದು. ಕಲ್ಯಾಣದಾಚೆ ಅಂಬರನಾಥದಲ್ಲಿ ಒಂದು ಕಾಲಕ್ಕೆ ಅದರ ಕಾರ್ಖಾನೆ ಇದ್ದದ್ದನ್ನು ಮುಂಬಯಿಯ ಹಳೆಯ ತಲೆಗಳು ಬಲ್ಲವು. ಅಂಥ ಊರಿನಲ್ಲಿ ಶೋಗ್ರೆನ್ನರು ದಿನದ ರೋಗಿಗಳನ್ನು ನೋಡುತ್ತಾ, ಕಾರ್ನಿಯದ ಕಸಿಯ ಕೆಲಸದಲ್ಲಿ ತೊಡಗಿ, ತಮ್ಮ ಒಣಕಣ್ಣಿನ ರೋಗಿಗಳ ಲೆಕ್ಕವನ್ನೂ ಬಿಡದೆ ಬರೆದಿಡುತ್ತಾ ಇದ್ದುಬಿಟ್ಟರು.

ಅವರನ್ನು ಹೊರಗೆ ತಂದದ್ದು ಒಂದು ಅನುವಾದ. ಆಸ್ಟ್ರೇಲಿಯಕ್ಕೂ ದಕ್ಷಿಣದಲ್ಲಿ ಟಾಸ್ಮೇನಿಯ ಎಂಬ ದ್ವೀಪವಿದೆ. ಅಲ್ಲಿನ ಹೋಬಾರ್ಟ್ ನಗರದ ನೇತ್ರವೈದ್ಯ ಬ್ರೂಸ್ ಹ್ಯಾಮಿಲ್ಟನ್, ಆ ಜರ್ಮನ್ ಪ್ರಬಂಧವನ್ನು ಇಂಗ್ಲಿಷಿಗೆ ತಿರುಗಿಸಿ 1943ರಲ್ಲಿ ಪ್ರಕಟಿಸಿದರು. ಇಸವಿಯನ್ನು ಇನ್ನೊಮ್ಮೆ ನೋಡಬೇಕು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷ ಅದು. ಜರ್ಮನ್ ಭಾಷೆ ಶತ್ರುವಿನ ಭಾಷೆ. ಭೂಗೋಳದ ಒಂದು ತುದಿಯ ಸ್ವೀಡನ್ನಿನವರು ಪರಭಾಷೆಯಲ್ಲಿ ಬರೆದದ್ದನ್ನು ಇನ್ನೊಂದು ತುದಿಯ ವೈದ್ಯರೊಬ್ಬರು ಕೂತು ತಮ್ಮ ಭಾಷೆಗೆ ತಂದುಕೊಂಡರು. ಇಂಗ್ಲಿಷ್ ಓದುವ ವೈದ್ಯಲೋಕಕ್ಕೆ ಶೋಗ್ರೆನ್ ಎಂಬ ಹೆಸರು ಸರಿಯಾಗಿ ತಲುಪಿದ್ದು ಆಮೇಲೆಯೇ. ಅನುವಾದಕರಿಗೆ ನಾವು ಸಾಮಾನ್ಯವಾಗಿ ಮುನ್ನುಡಿಯ ಒಂದು ಸಾಲಿನಷ್ಟು ಕೃತಜ್ಞತೆ ಕೊಟ್ಟು ಮುಗಿಸುತ್ತೇವೆ. ಹ್ಯಾಮಿಲ್ಟನ್ನರಿಗೆ ಅದಕ್ಕಿಂತ ಹೆಚ್ಚು ಸಲ್ಲಬೇಕೆಂದು ನಮ್ಮ ಅಭಿಪ್ರಾಯ.

ಆಮೇಲೆ ಮರ್ಯಾದೆಗಳೂ ಬಂದವು. 1957ರಲ್ಲಿ ಯೋಟೆಬೋರಿ ನಗರದಲ್ಲಿ ಡೋಸೆಂಟ್ ಪದವಿ, 1961ರಲ್ಲಿ ಸರ್ಕಾರದಿಂದ ಪ್ರೊಫೆಸರ್ ಎಂಬ ಗೌರವ. ಇಪ್ಪತ್ತೆಂಟು ವರ್ಷ ತಡವಾಗಿ, ಅಷ್ಟೇ. 1986ರಲ್ಲಿ ಈ ರೋಗದ ಬಗ್ಗೆಯೇ ಮೊದಲ ಅಂತರರಾಷ್ಟ್ರೀಯ ವೈದ್ಯಸಮ್ಮೇಳನ ಕೋಪನ್‌ಹೇಗನ್ನಿನಲ್ಲಿ ನಡೆಯಿತು. ಸಮುದ್ರದ ಸಣ್ಣ ತೋಳೊಂದರ ಈಚೆಗೆ ಲುಂಡ್ ಪಟ್ಟಣದಲ್ಲಿದ್ದ ಶೋಗ್ರೆನ್ನರು ಕಾಯಿಲೆಯಿಂದಾಗಿ ಅಲ್ಲಿಗೆ ಹೋಗಲಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು.

ಇಷ್ಟಾದರೂ ಮೂಲ ಪ್ರಶ್ನೆ ಉಳಿದೇ ಇತ್ತು. ಗ್ರಂಥಿಗಳು ಒಣಗುವುದಾದರೂ ಯಾಕೆ? 1953ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಗನ್ ಮತ್ತು ಕ್ಯಾಸಲ್‌ಮನ್ ಎಂಬಿಬ್ಬರು ಊದಿದ ಗ್ರಂಥಿಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿ, ಮಿಕುಲಿಚ್ ರೋಗವೂ ಶೋಗ್ರೆನ್ ರೋಗವೂ ಒಂದೇ ಎಂದು ಸಾರಿದರು. ಎರಡರಲ್ಲೂ ಬಿಳಿ ರಕ್ತಕಣಗಳು ಗ್ರಂಥಿಯೊಳಗೆ ನುಗ್ಗಿ ಬೀಡುಬಿಟ್ಟಿದ್ದವು. (ತಮಾಷೆಯೆಂದರೆ, ಇಪ್ಪತ್ತೊಂದನೆಯ ಶತಮಾನದಲ್ಲಿ ಜಪಾನಿನ ವೈದ್ಯರು ಮಿಕುಲಿಚ್‌ನದು ಬೇರೆಯೇ ರೋಗವೆಂದು ಮತ್ತೆ ಪಾಲು ಮಾಡಿದರು. ವಿಜ್ಞಾನದಲ್ಲೂ ಅವಿಭಕ್ತ ಕುಟುಂಬ ಬಹುಕಾಲ ನಿಲ್ಲುವುದಿಲ್ಲ.)

ಬಿಳಿ ರಕ್ತಕಣಗಳೆಂದರೆ ದೇಹದ ಪೊಲೀಸು ಪಡೆ. ರೋಗಾಣುಗಳು ಒಳಹೊಕ್ಕರೆ ಹೊಡೆಯಬೇಕಾದವು. ಅವೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ಬಿದ್ದರೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಲ್ ಎರ್ಲಿಖ್ ಎಂಬ ಮಹಾವಿಜ್ಞಾನಿ, ದೇಹ ತನ್ನ ಮೇಲೆ ತಾನೇ ಕೈಮಾಡಲು ಅಂಜುತ್ತದೆ ಎಂದು ಹೇಳಿದ್ದ. ಆ ಮಾತಿನ ಭಾರದಡಿಯಲ್ಲಿ ಅರ್ಧ ಶತಮಾನ ಯಾರೂ ಬೇರೆ ಯೋಚನೆಗೆ ಸುಲಭವಾಗಿ ಕೈಹಾಕಲಿಲ್ಲ. 1956ರಲ್ಲಿ ಲಂಡನ್ನಿನ ಸಂಶೋಧಕರು ಥೈರಾಯಿಡ್ ಗ್ರಂಥಿಯ ಒಂದು ರೋಗದಲ್ಲಿ, ದೇಹವೇ ಆ ಗ್ರಂಥಿಯ ವಿರುದ್ಧ ಪ್ರತಿಕಾಯಗಳನ್ನು, ಎಂದರೆ ಶತ್ರುನಾಶಕ್ಕೆಂದು ರಕ್ತದಲ್ಲಿ ತಯಾರಾಗುವ ವಸ್ತುಗಳನ್ನು, ಹೊರಡಿಸುವುದನ್ನು ತೋರಿಸಿದರು. ಎರಡು ವರ್ಷದಲ್ಲಿ, 1958ರಲ್ಲಿ, ನೇತ್ರವೈದ್ಯ ಬ್ಯಾರಿ ಜೋನ್ಸ್ ಶೋಗ್ರೆನ್ ರೋಗಿಗಳ ರಕ್ತದಲ್ಲೂ ಅಂಥವನ್ನೇ ಕಂಡರು. ನಮ್ಮ ಹಿರಿಯರಿಗೆ ಇದನ್ನು ಹೇಳಲು ಒಂದೇ ಮಾತು ಸಾಕಿತ್ತು: ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥ ರೋಗಗಳಿಗೆ ಆಟೋಇಮ್ಯೂನ್ ರೋಗಗಳೆಂದು ಹೆಸರು. ಬೇಲಿ ಯಾಕೆ ಎದ್ದಿತು ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ; ವಂಶದ ಗುಣವೂ ಯಾವುದಾದರೂ ವೈರಸ್ಸಿನ ಸೋಂಕೂ ಹೆಣ್ಣಿನ ದೇಹದ ಹಾರ್ಮೋನುಗಳೂ ಸೇರಿ ಕೆಲಸ ಮಾಡಿರಬೇಕೆಂದು ಊಹೆ. ಒಬ್ಬ ಗಂಡಸಿಗೆ ಬಂದರೆ ಒಂಬತ್ತು ಹೆಂಗಸರಿಗೆ ಬರುತ್ತದೆ.

ರೋಗವನ್ನು ಸಾಧಿಸಿ ತೋರಿಸುವ ದಾರಿಗಳೂ ಒಂದೊಂದಾಗಿ ತೆರೆದವು. 1968ರಲ್ಲಿ ಗ್ಲಾಸ್ಗೋದ ಚಿಸಮ್ ಮತ್ತು ಮೇಸನ್, ಕೆಳತುಟಿಯ ಒಳಗಿನ ಸಾಸಿವೆಗಾತ್ರದ ಗ್ರಂಥಿಗಳನ್ನು ತೆಗೆದು ನೋಡಿದರೆ ಸಾಕು, ಕೆನ್ನೆ ಕೊಯ್ಯಬೇಕಾಗಿಲ್ಲ ಎಂದು ತೋರಿಸಿದರು. ಅಂದಿನಿಂದ ಇದು ಅರ್ಧ ಗಂಟೆಯ ಕೆಲಸ. ಅದೇ ಹೊತ್ತಿಗೆ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಎರಡು ಪ್ರತಿಕಾಯಗಳು ಸಿಕ್ಕವು, 1969ರಲ್ಲಿ ರೋ, 1974ರಲ್ಲಿ ಲಾ. ಇವು ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ. ಯಾವ ರೋಗಿಗಳ ರಕ್ತದಲ್ಲಿ ಮೊದಲು ಸಿಕ್ಕವೋ ಅವರ ಹೆಸರಿನ ಮೊದಲ ಎರಡೆರಡು ಅಕ್ಷರಗಳು. ಇಂದು ಮಾತುಂಗದಲ್ಲೋ ಮಲ್ಲೇಶ್ವರದಲ್ಲೋ ರಕ್ತ ಕೊಟ್ಟು ಬಂದ ಹೆಂಗಸಿನ ವರದಿಯಲ್ಲಿ 'ಆಂಟಿ ರೋ' ಎಂದು ಅಚ್ಚಾಗಿದ್ದರೆ, ಅದು ಅರ್ಧ ಶತಮಾನದ ಹಿಂದಿನ ಒಬ್ಬ ಅಪರಿಚಿತ ರೋಗಿಯ ಹೆಸರಿನ ತುಂಡು.

ಈ ರೋ ಪ್ರತಿಕಾಯಕ್ಕೆ ಇನ್ನೊಂದು ಮುಖವಿದೆ. ಗರ್ಭಿಣಿಯ ರಕ್ತದಲ್ಲಿದ್ದರೆ ಅದು ಮಾಸುವಿನ ಮೂಲಕ ಮಗುವಿಗೆ ದಾಟಿ, ಅಪರೂಪಕ್ಕೆ ಮಗುವಿನ ಹೃದಯದ ಬಡಿತದ ತಂತುಗಳನ್ನು ಕೆಡಿಸುತ್ತದೆ. 1983ರಲ್ಲಿ ಈ ಸಂಬಂಧ ಖಚಿತವಾಯಿತು. ಇಂಥ ನೂರು ತಾಯಂದಿರಲ್ಲಿ ಒಬ್ಬರು ಇಬ್ಬರ ಮಗುವಿಗೆ ಹೀಗಾಗುತ್ತದೆ, ಉಳಿದವರ ಮಕ್ಕಳ ಹೃದಯಕ್ಕೆ ಏನೂ ಆಗುವುದಿಲ್ಲ. ಎಷ್ಟೋ ಸಲ ತಾಯಿಗೆ ತನಗೆ ಯಾವ ರೋಗವಿದೆಯೆಂದೂ ಆವರೆಗೆ ಗೊತ್ತಿರುವುದಿಲ್ಲ. ಇನ್ನು ಗ್ರಂಥಿಯಲ್ಲಿ ಬೀಡುಬಿಟ್ಟ ಬಿಳಿಕಣಗಳೇ ಕೆಲವರಲ್ಲಿ ಲಿಂಫೋಮ ಎಂಬ ಕ್ಯಾನ್ಸರಾಗಿ ತಿರುಗುವುದುಂಟೆಂದು 1964ರಲ್ಲೇ ತಾಲಲ್ ಮತ್ತು ಬ್ಯೂನಿಮ್ ತೋರಿಸಿದ್ದರು. ಬಹುಪಾಲು ರೋಗಿಗಳಿಗೆ ಅದು ಬರುವುದಿಲ್ಲ, ಹೆದರಬೇಕಾಗಿಲ್ಲ. ಕೆನ್ನೆಯ ಊತ ಇಳಿಯದೆ ನಿಂತರೆ ಮಾತ್ರ ತಡಮಾಡದೆ ತೋರಿಸಬೇಕು.

ಹೆಂಗಸರ ಮಾತಿಗೆ ಕಿವಿಗೊಡುವುದು ಈ ಎಲ್ಲ ಶೋಧಗಳಿಗಿಂತ ನಿಧಾನವಾಗಿ ನಡೆಯಿತು. ಸದಾ ದಣಿವು, ಮೈಕೈ ನೋವು, ಬಾಯೊಣಗುವುದು, ಕಣ್ಣುರಿ ಎಂದರೆ ಮುಟ್ಟು ನಿಲ್ಲುವ ವಯಸ್ಸು, ಇಲ್ಲವೇ ಮನಸ್ಸಿನ ಕೊರಗು, ಎಂದು ತೀರ್ಪು ಕೊಡುವುದು ಎಲ್ಲ ದೇಶಗಳಲ್ಲೂ ನಡೆದುಬಂದದ್ದೇ. 1983ರಲ್ಲಿ ನ್ಯೂಯಾರ್ಕಿನ ಎಲೇನ್ ಹ್ಯಾರಿಸ್ ಎಂಬ ಮಹಿಳೆ, ಸ್ವತಃ ರೋಗಿ, ತನ್ನಂಥವರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಮುಂದೆ ಅದು ರೋಗಿಗಳಿಗೆ ಕೈಪಿಡಿ ಮುದ್ರಿಸುವಷ್ಟು ಬೆಳೆಯಿತು. 2011ರಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಅಮೆರಿಕನ್ ಓಪನ್ ಪಂದ್ಯಾವಳಿಯಿಂದ ಹಿಂದೆ ಸರಿದು, ತಮಗೆ ಶೋಗ್ರೆನ್ ಇದೆಯೆಂದು ಹೇಳಿಕೊಂಡಾಗ ಲೋಕಕ್ಕೆ ಈ ಹೆಸರು ಕೇಳಿಸಿತು. ವರ್ಷಗಳ ಕಾಲ ಅವರ ದಣಿವಿಗೂ ಸರಿಯಾದ ಕಾರಣ ಸಿಕ್ಕಿರಲಿಲ್ಲ.

ನಮ್ಮ ಬಂಧುಗಳಲ್ಲೇ ಒಬ್ಬ ಅತ್ತಿಗೆಯಿದ್ದಾರೆ. ಧಾರವಾಡದ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು. ಊರಿನಿಂದ ಬಂದ ಕಟಕು ರೊಟ್ಟಿ ಮುರಿಯುತ್ತಾ ನೀರಿನ ತಂಬಿಗೆ ಪಕ್ಕದಲ್ಲಿಟ್ಟುಕೊಳ್ಳುವ ಅವರ ಅಭ್ಯಾಸವನ್ನು ಎಲ್ಲರೂ ಗೇಲಿ ಮಾಡುತ್ತಿದ್ದೆವು. ಕಣ್ಣಿಗೊಬ್ಬರು, ಹಲ್ಲಿಗೊಬ್ಬರು, ಮೊಣಕಾಲಿಗೊಬ್ಬರು ಡಾಕ್ಟರರಾಗಿ ಆರು ವರ್ಷದಲ್ಲಿ ಅವರ ಹನ್ನೊಂದು ಹಲ್ಲು ಹುಳುಕು ಹಿಡಿದವು. ಮುಂಬಯಿಯ ಹವೆ ಹಿಡಿಸಿಲ್ಲ, ಊರಿಗೆ ಹೋಗಿ ಬನ್ನಿ ಎಂದವರೂ ಉಂಟು. ಕೊನೆಗೆ ಹಲ್ಲಿನ ವೈದ್ಯೆಯೊಬ್ಬಳು, ಇನ್ನೂ ಹುಡುಗಿ, ಅವರ ಬಾಯೊಳಗಿನ ಕನ್ನಡಿ ನಾಲಗೆಗೆ ಅಂಟಿಕೊಂಡದ್ದನ್ನು ಕಂಡು, "ಆಂಟಿ, ಕಣ್ಣೂ ಉರಿಯುತ್ತದಾ?" ಎಂದು ಕೇಳಿದಳಂತೆ. ತೊಂಬತ್ತು ವರ್ಷದ ಹಿಂದೆ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಪ್ರಶ್ನೆ ಡೊಂಬಿವಲಿಗೆ ಬರಲು ಅಷ್ಟು ಕಾಲ ಹಿಡಿಯಿತು.

ಭಾರತದಲ್ಲಿ ಈ ರೋಗ ಅಪರೂಪವೆಂದು ಬಹುದಿನದ ನಂಬಿಕೆ. 2003ರಲ್ಲಿ ಲಖನೌದ ವೈದ್ಯರು ನಮ್ಮ ದೇಶದ ವೈದ್ಯಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹದಲ್ಲೇ ಆ ಮಾತಿತ್ತು. ಹನ್ನೆರಡು ವರ್ಷಗಳ ಬಳಿಕ, 2015ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ತಮ್ಮಲ್ಲಿಗೇ ಬಂದ ಮುನ್ನೂರಕ್ಕೂ ಹೆಚ್ಚು ರೋಗಿಗಳ ವಿವರವನ್ನು ಪ್ರಕಟಿಸಿದರು. ಹನ್ನೆರಡು ವರ್ಷದಲ್ಲಿ ರೋಗ ಹೆಚ್ಚಿತೆಂದು ನಮಗೆ ಅನಿಸುವುದಿಲ್ಲ. ಕೇಳುವವರು ಹೆಚ್ಚಿದರು, ಅಷ್ಟೇ.

ಬಾಯೊಣಗಿದವರೆಲ್ಲ ತಮಗೆ ಇದೇ ರೋಗವೆಂದು ಗಾಬರಿಯಾಗುವುದೂ ತಪ್ಪು. ಸಕ್ಕರೆ ಕಾಯಿಲೆಯಲ್ಲಿ ಬಾಯಿ ಒಣಗುತ್ತದೆ. ನೆಗಡಿ ಅಲರ್ಜಿಯ ಮಾತ್ರೆ, ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಒಣಗುತ್ತದೆ. ಹವಾನಿಯಂತ್ರಿತ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರ್ ನೋಡುವವರ ಕಣ್ಣೂ ಉರಿಯುತ್ತದೆ. ಆದರೆ ಕಣ್ಣು ಬಾಯಿ ಎರಡೂ ಮೂರು ತಿಂಗಳಿಗೆ ಮೇಲ್ಪಟ್ಟು ಒಣಗಿ, ಜೊತೆಗೆ ಕೀಲುನೋವೋ ಬಿಡದ ದಣಿವೋ ಇದ್ದರೆ ರುಮಟಾಲಜಿಸ್ಟರೆಂಬ ವಾತರೋಗ ತಜ್ಞರನ್ನು ಕಾಣುವುದು ಒಳ್ಳೆಯದು. ಅವರಲ್ಲಿಗೆ ಹೋದಾಗ ಮೂರನ್ನೂ ಒಟ್ಟಿಗೆ ಹೇಳಬೇಕು. ಕಣ್ಣಿನದು ಕಣ್ಣಿನ ಡಾಕ್ಟರರಿಗೆ, ಬಾಯಿಯದು ಹಲ್ಲಿನವರಿಗೆ ಎಂದು ದೂರನ್ನು ನಾವೇ ಹಂಚಿಬಿಟ್ಟರೆ ಅವರಾದರೂ ಜೋಡಿಸುವುದು ಹೇಗೆ?

ಚಿಕಿತ್ಸೆಯ ಚರಿತ್ರೆ ಚಿಕ್ಕದು. ರೋಗವನ್ನು ಬೇರುಸಹಿತ ಕೀಳುವ ಮದ್ದಿಗಾಗಿ ಪ್ರಯೋಗಗಳು ನಡೆದಿವೆ. ಮಲೇರಿಯದ ಔಷಧಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನು ವೈದ್ಯರು ಬಹಳವಾಗಿ ಬರೆದುಕೊಡುತ್ತಾರೆ. 2014ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ, ಅದನ್ನು 24 ವಾರ ತೆಗೆದುಕೊಂಡವರಿಗೂ ಹುಸಿಮಾತ್ರೆ ತೆಗೆದುಕೊಂಡವರಿಗೂ ಒಣಗುವಿಕೆಯಲ್ಲಿ, ನೋವಿನಲ್ಲಿ, ದಣಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಉಳಿದಂತೆ ಕೃತಕ ಕಣ್ಣೀರಿನ ಹನಿಗಳು, ಹಲ್ಲಿಗೆ ಫ್ಲೋರೈಡ್, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್. ಬಾಯಲ್ಲಿ ನೀರೂರಲೆಂದು ಹುಣಿಸೆ, ನಿಂಬೆ ಪೆಪ್ಪರಮೆಂಟು ಚೀಪುವವರು ಹಲ್ಲಿನ ಆಸೆ ಬಿಡಬೇಕಾಗುತ್ತದೆ.

ಇನ್ನು ಆ ಜಬೊರಾಂಡಿ ಎಲೆ. ಹ್ಯಾಡನ್ ತನ್ನ ಮುದುಕಿಗೆ ಕೊಟ್ಟು ನೂರಹತ್ತು ವರ್ಷವಾದ ಮೇಲೆ, 1998ರಲ್ಲಿ, ಅಮೆರಿಕದ ಔಷಧ ಇಲಾಖೆ ಅದರ ಸಾರವಾದ ಪೈಲೊಕಾರ್ಪಿನ್ ಮಾತ್ರೆಯನ್ನು ಶೋಗ್ರೆನ್ ರೋಗಿಗಳ ಒಣಬಾಯಿಗೆ ಒಪ್ಪಿತು. ನಮ್ಮ ಅತ್ತಿಗೆಯವರೂ ಈಗ ಅದನ್ನೇ ತೆಗೆದುಕೊಳ್ಳುತ್ತಾರೆ. ಆಸ್ತಮ ಇದ್ದವರಿಗೆ, ಕೆಲವು ಹೃದ್ರೋಗಿಗಳಿಗೆ ಅದು ಒಗ್ಗುವುದಿಲ್ಲ, ಹಲವರಿಗೆ ಬೆವರು ಹೆಚ್ಚುತ್ತದೆ. ಅದು ಹೊಸ ಜೊಲ್ಲನ್ನು ಸೃಷ್ಟಿಸುವ ಮಾತ್ರೆಯಲ್ಲ, ಅಳಿದುಳಿದ ಗ್ರಂಥಿಯನ್ನು ಚುಚ್ಚಿ ಎಬ್ಬಿಸುವ ಮಾತ್ರೆ. ಗ್ರಂಥಿ ಪೂರಾ ಒಣಗಿಹೋದ ಮೇಲೆ ನುಂಗಿದರೆ ಮೈಯೆಲ್ಲ ಬೆವರುತ್ತದೆ, ಬಾಯಲ್ಲಿ ನೀರು ಬರುವುದಿಲ್ಲ.